ಒಂದು ಗೇಣಿನಲ್ಲಿ ಎರಡು ಕೋವಿ

ಬಾಗಿಲು ಮುಚ್ಚುತ್ತಿಲ್ಲ. ಮೊಣಕಾಲು ಕೊಟ್ಟು ಒತ್ತಿದೆ, ಭುಜ ಕೊಟ್ಟು ಒತ್ತಿದೆ, ಬೈದೂ ನೋಡಿದೆ. ಮೂರು ಬೆರಳಿನ ಸಂದು ಹಾಗೇ ನಿಂತಿದೆ. ಬೀರುವಿನೊಳಗೆ ಎರಡು ಕೋವಿ, ಎರಡೂ ಖಾಲಿ, ಎರಡೂ ಬಾಯಿ ಮೇಲೆ ಮಾಡಿಕೊಂಡು ನೆಟ್ಟಗೆ ನಿಂತಿವೆ. ಒಂದರ ಕುದುರೆ ಇನ್ನೊಂದರ ಕುದುರೆಗೆ ಸಿಕ್ಕಿಕೊಂಡಿದೆ. ಕುದುರೆ ಅಂದರೆ ಹುಲ್ಲು ತಿನ್ನುವ ಕುದುರೆಯಲ್ಲ. ಕೋವಿಯ ಬುಡದ ಹತ್ತಿರ ಹಿಂದಕ್ಕೆ ಎಳೆದು ಬಿಡುವ ಕಬ್ಬಿಣದ ಕೊಕ್ಕೆ. ಆದರೆ ಹೆಸರಿಗೆ ತಕ್ಕ ಬುದ್ಧಿ ಅದಕ್ಕಿದೆ. ಇಕ್ಕಟ್ಟಾದ ಲಾಯದಲ್ಲಿ ಎರಡನ್ನು ಕಟ್ಟಿದರೆ ಒದ್ದಾಡುತ್ತದೆ.

ಹಿಂದೆ ನಿಂತಿದ್ದ ಅಪ್ಪ ಹೇಳಿದ: "ಲೇ, ಅದು ಬೀರು ಕಣ್ಲಾ, ಎತ್ತಲ್ಲ. ಗುದ್ದುದ್ರೆ ಜರುಗ್ತದಾ?"

"ನೀ ಸುಮ್ನಿರಪ್ಪ."

"ನಾನ್ ಸುಮ್ನಿರ್ತೀನಿ. ಸೋಮ್ವಾರ ದಫೇದಾರ್ರು ಸುಮ್ನಿರ್ತಾರಾ?"

ಅದೇ ತಾಪತ್ರಯ. ನಮ್ಮದು ಹನೂರು ತಾಲ್ಲೂಕಿನ ಶಾಗ್ಯ. ಹೊಲದ ಒಂದು ಕೊನೆ ಊರ ಕಡೆ, ಇನ್ನೊಂದು ಕೊನೆ ಕಾಡಿನ ಕಡೆ. ಹಂದಿಯನ್ನು ನಾವು ಹೊಡೆಯುವುದಿಲ್ಲ, ಆಕಾಶಕ್ಕೆ ಹಾರಿಸಿ ಓಡಿಸುತ್ತೇವೆ. ಒಂದು ಮೂಲೆಯಲ್ಲಿ ಸದ್ದಾದರೆ ಹಂದಿ ಕಾಡಿಗೆ ಹೋಗುವುದಿಲ್ಲ, ಇನ್ನೊಂದು ಮೂಲೆಗೆ ಬರುತ್ತದೆ. ಆದ್ದರಿಂದ ಎರಡು ಕೋವಿ, ಎರಡು ಲೈಸೆನ್ಸು. ಅಪ್ಪನದು ತೋಟಾ ಹಾಕುವ ಒಂಟಿ ನಳಿಗೆ. ನನ್ನದು ತಾತನದು, ಬಾಯಿಯಿಂದ ಮದ್ದು ತುಂಬಿ, ಗಜ ಅನ್ನುವ ಉದ್ದನೆಯ ಕಬ್ಬಿಣದ ಕಡ್ಡಿಯಲ್ಲಿ ಒತ್ತುವ ಹಳೇ ಕೋವಿ. ತಾತ ತೀರಿಕೊಂಡ ಮೇಲೆ, ಅಪ್ಪನಿಗೆ ಆಗಲೇ ಒಂದಿದೆ ಅಂತ, ಅದು ನನ್ನ ಹೆಸರಿಗೆ ಬಂತು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ನನ್ನ ಹೆಸರಿಗೆ ಬರಲಿಲ್ಲ, ಇದು ಬಂತು.

ಲೈಸೆನ್ಸು ಮುಂದುವರಿಸಲು ಅರ್ಜಿ ಹಾಕಿದ್ದೆವು. ಶುಕ್ರವಾರ ಪೊಲೀಸ್ ಠಾಣೆಯ ದಫೇದಾರರು ನೋಡಲು ಬಂದರು. ಕೋವಿಗಳು ಎಂದಿನಂತೆ ನಡುಮನೆಯ ಗೂಟದಲ್ಲಿ ನೇತಾಡುತ್ತಿದ್ದವು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಹೇಳಿದರು: "ನೋಡಪ್ಪ, ಗ್ವಾಡೆಗ ಬಿಗ್ದಿರೋ ಕಬ್ಬುಣದ ಬೀರು ಇರ್ಬೇಕು. ಎರಡೂ ಒಳಗಿದ್ದು ಬೀಗ ಬಿದ್ದಿರ್ಬೇಕು. ಸೋಮ್ವಾರ ಬತ್ತೀನಿ. ಆಗ್ನಿಲ್ವಾ, ಒಂದ ಠಾಣೆಗ ಒಪ್ಪಿಸ್ಬುಡಿ."

ಯಾವ ಒಂದು ಅಂತ ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಒಲೆಯ ಮುಂದೆ ಕೂತಿದ್ದ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ಎರಡರಲ್ಲಿ ಒಂದು ಹೋಗಬೇಕು ಅಂದರೆ ಎಲ್ಲರ ಕಣ್ಣೂ ಹಳೆಯದರ ಮೇಲೇ ಬೀಳುತ್ತದೆ. ಮನುಷ್ಯರಲ್ಲೂ ಹಾಗೇ ಅಲ್ಲವಾ? ಬಸ್ಸಿನಲ್ಲಿ ಜಾಗ ಸಾಲದಿದ್ದರೆ "ಒಸಿ ಜರುಗಜ್ಜಿ" ಅನ್ನುತ್ತೇವೆಯೇ ಹೊರತು, ಕಾಲಗಲಿಸಿ ಕೂತ ಗಟ್ಟಿಮುಟ್ಟಾದವನಿಗೆ ಯಾರೂ ಹೇಳುವುದಿಲ್ಲ.

ನಾನು ಹನೂರಿನಲ್ಲಿ ಗ್ರಿಲ್ಲು, ಗೇಟು ವೆಲ್ಡಿಂಗ್ ಮಾಡುವವನು. ಬೀರು ಮಾಡುವುದು ನನಗೇನು ದೊಡ್ಡದಲ್ಲ. ಜಾಗವೇ ಕಷ್ಟ. ನಮ್ಮ ಮನೆಯ ಗೋಡೆಗಳೆಲ್ಲ ಮಣ್ಣಿನವು, ಬೋಲ್ಟು ಹಾಕಿದರೆ ಬೋಲ್ಟಿನ ಜೊತೆ ಗೋಡೆಯೂ ಕೈಗೆ ಬರುತ್ತದೆ. ಇಟ್ಟಿಗೆಯದು ಅಂತ ಇರುವುದು ನಡುಮನೆಯ ಒಂದೇ ಗೋಡೆ. ಅದರಲ್ಲಿ ಮೊದಲು ಒನಕೆ ನಿಲ್ಲಿಸುತ್ತಿದ್ದ ಒಂದು ಉದ್ದನೆಯ ಗೂಡು. ಅಗಲ ಒಂದು ಗೇಣು. ಬೀರು ಅಲ್ಲೇ ಕೂರಬೇಕು. ಆಂಗಲ್ ಕಬ್ಬಿಣ, ತಗಡು, ಬೀಗದ ನಾಲಿಗೆ ಎಲ್ಲ ತಮ್ಮ ತಮ್ಮ ಪಾಲು ತಿಂದ ಮೇಲೆ ಒಳಗೆ ಉಳಿದದ್ದು ಎಂಟು ಬೆರಳು. ನಾನು ಅಳತೆ ತೆಗೆದದ್ದು ಕೋವಿಯ ನಳಿಗೆಗೆ. ಬುಡ ದಪ್ಪ, ಕುದುರೆ ಇನ್ನೂ ದಪ್ಪ ಅನ್ನುವುದು ತಲೆಗೆ ಹೊಳೆಯಲಿಲ್ಲ. ತಪ್ಪು ನನ್ನದೇ, ಮುಚ್ಚಿಡುವುದಿಲ್ಲ. ತಾತನ ಕೋವಿಯನ್ನು ದಿನಾ ನೋಡುತ್ತಿದ್ದವನು ಅದರ ಬಾಯನ್ನೇ ನೋಡಿದ್ದೆ, ಬುಡವನ್ನು ನೋಡಿರಲಿಲ್ಲ.

ನೀವು ಕೇಳಬಹುದು, ಅಂಗಡಿಯಲ್ಲಿ ಕೋವಿ ಇಡುವ ಬೀರು ಸಿಗುವುದಿಲ್ಲವಾ ಅಂತ. ಸಿಗುತ್ತದೆ. ಮೊಬೈಲಿನಲ್ಲಿ ನೋಡಿದೆ. ಒಳಗೆ ಮಕಮಲ್ ಬಟ್ಟೆ, ಬಾಗಿಲು ತೆಗೆದರೆ ತಾನೇ ಹತ್ತುವ ದೀಪ, ಬೆರಳು ಒತ್ತುವ ಬೀಗ. ಕೋವಿಗೇನು ಮದುವೆಯಾ? ಕಬ್ಬಿಣ ಉಜ್ಜದಂತೆ ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಅಂಟಿಸಿದೆ. ತುಕ್ಕು ಹಿಡಿಯದಿರಲಿ ಅಂತ ಕರಟದಲ್ಲಿ ಒಂದು ಹಿಡಿ ಸುಣ್ಣದ ಕಲ್ಲು ಇಟ್ಟೆ, ತೇವವನ್ನು ಅದು ಎಳೆದುಕೊಳ್ಳುತ್ತದೆ. ತೋಟಾ, ಮದ್ದಿಗೆ ಬೇರೆ ಕಡೆ ಬೇರೆ ಬೀಗದ ಪೆಟ್ಟಿಗೆ. ಅಷ್ಟೇ ಸಿಂಗಾರ. ಆದರೆ ಬಾಗಿಲು ಮುಚ್ಚದ ಬೀರು ಎಷ್ಟು ಗಟ್ಟಿಯಿದ್ದರೇನು?

ಭಾನುವಾರ ಬೆಳಿಗ್ಗೆಯೂ ಒತ್ತಿದ್ದೇ ಒತ್ತಿದ್ದು. ಆಗ ಅವ್ವ ಹುಳದ ಮನೆಯಿಂದ ಕರೆದಳು, ರೇಷ್ಮೆ ಹುಳಕ್ಕೆ ಸೊಪ್ಪು ಹಾಸಲು ಕೈ ಸಾಲದು ಅಂತ. ಸಿಟ್ಟಿನಲ್ಲೇ ಹೋದೆ. ಕಡ್ಡಿಸಮೇತ ಹಿಪ್ಪುನೇರಳೆಯನ್ನು ಹೇಗೆ ಸಿಕ್ಕಿದರೆ ಹಾಗೆ ಎಸೆದೆ. ಅವ್ವ ಕೈಗೊಂದು ಏಟು ಕೊಟ್ಟಳು. "ಎಲ್ಲಾ ಬುಡವ ಒಂದೇ ಕಡೆ ಮಡಗ್ತೀಯಲ್ಲಲಾ, ಅತ್ತ ಗುಡ್ಡ, ಇತ್ತ ಹಳ್ಳ. ಒಂದ್ರ ಬುಡ ಅತ್ತಗ, ಇನ್ನೊಂದ್ರ ಬುಡ ಇತ್ತಗ. ಅವಾಗ ಸಮ ಕೂರ್ತದ." ಹೇಳುತ್ತಾ ಎರಡು ಕಡ್ಡಿಗಳನ್ನು ಹಿಂದುಮುಂದಾಗಿ ಜೋಡಿಸಿದಳು. ಒಂದರ ದಪ್ಪ ಇನ್ನೊಂದರ ಸಣಕಲಿಗೆ ಬಂದು ಕೂತಿತು.

ಸೊಪ್ಪು ಅಲ್ಲೇ ಬಿಟ್ಟು ಓಡಿದೆ. ಅಪ್ಪನ ಕೋವಿಯನ್ನು ನೆಟ್ಟಗೆ ನಿಲ್ಲಿಸಿದೆ. ತಾತನದನ್ನು ತಲೆಕೆಳಗು ಮಾಡಿ ಪಕ್ಕಕ್ಕೆ ಇಟ್ಟೆ. ಒಂದರ ಕುದುರೆ ಕೆಳಗೆ ಉಳಿಯಿತು, ಇನ್ನೊಂದರದು ಮೇಲೆ ಹೋಯಿತು. ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿದೆ. ಟಕ್ ಅಂತ ಮುಚ್ಚಿತು. ಚಿಕ್ಕವರಿದ್ದಾಗ ನಾನೂ ನನ್ನ ತಂಗಿಯೂ ಒಂದೇ ಚಾಪೆಯಲ್ಲಿ ಹೀಗೇ ಮಲಗುತ್ತಿದ್ದೆವು, ನನ್ನ ತಲೆಯ ಹತ್ತಿರ ಅವಳ ಕಾಲು. ಜಾಗ ಕಮ್ಮಿ ಇರುವ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ನನಗೆ ಎರಡು ದಿನ ಹಿಡಿಯಿತು.

ಬೀಗ ಹಾಕಿ ತಿರುಗಿ ನೋಡಿದರೆ ಅಪ್ಪ, ಅವ್ವ ಇಬ್ಬರೂ ನಿಂತಿದ್ದಾರೆ, ಅಜ್ಜಿ ಒಲೆಯ ಮುಂದಿನಿಂದಲೇ ನೋಡುತ್ತಿದ್ದಾಳೆ. ಯಾರ ಮುಖದಲ್ಲೂ ನಗುವಿಲ್ಲ.

"ತಗೀಲಾ," ಅಂದ ಅಪ್ಪ.

"ಯಾಕ?"

"ತಗೀ ಅಂದೆ ಕಣ್ಲಾ."

ನನಗೆ ಗೊತ್ತಿರಲಿಲ್ಲ ಅಂತಲ್ಲ. ಆ ಖುಷಿಯಲ್ಲಿ ಮರೆತಿದ್ದೆ. ನಮ್ಮ ಮನೆಯಲ್ಲಿ ಕೋವಿಯ ಬಾಯಿ ನೆಲ ನೋಡಬಾರದು. ನೋಡುವುದು ಒಂದೇ ಸಲ, ಅದರ ಯಜಮಾನ ಸತ್ತಾಗ. ಅವತ್ತು ಅದನ್ನು ಮೂಲೆಯಲ್ಲಿ ಬೋರಲು ನಿಲ್ಲಿಸುತ್ತಾರೆ. ಹನ್ನೊಂದನೇ ದಿನ ತಿಥಿಯಲ್ಲಿ, ಮುಂದೆ ಅದನ್ನು ಹಿಡಿಯುವವನು ಎತ್ತಿ, ವಿಭೂತಿ ಇಟ್ಟು, ಬಾಯಿ ಮೇಲೆ ಮಾಡುತ್ತಾನೆ. ತಾತನ ತಿಥಿಯಲ್ಲಿ ಇದೇ ಕೋವಿಯನ್ನು ಎತ್ತಿದ್ದು ನಾನು. ಯಜಮಾನ ಬದುಕಿರುವಾಗ ಬೋರಲು ಹಾಕಿದರೆ, ಅವನ ಸಾವನ್ನು ಕೈಯಾರೆ ಕರೆದ ಹಾಗೆ. ಈಗ ಅದರ ಯಜಮಾನ ನಾನೇ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಹೇಳಿದ: "ಎರಡೂ ನಿಲ್ಬೇಕು ಅಂದ್ರ ನಂದ ಬೋರಲಾಕು. ನಿಂದ ನೆಟ್ಟಗ ಮಡಗು. ನಂಗ ವಯಸ್ಸಾಯ್ತು."

"ನಿಂದ್ಯಾಕ ಹಾಕ್ಲಿ? ಅಳತೆ ತಪ್ಪಿದವ್ನು ನಾನು."

"ಬಾಯ್ಮುಚ್ಲಾ. ಮದ್ವೆ ಆಗ್ದಿರೋವ್ನು."

"ಮದ್ವೆ ಆಗಿರೋವ್ನು ಸತ್ರೆ ನಷ್ಟ ಜಾಸ್ತಿ ಕನಪ್ಪ."

ಅವ್ವ ಸೆರಗು ತೆಗೆದು ಇಬ್ಬರಿಗೂ ಬೈದಳು. "ಥೂ ನಿಮ್ಮ! ಸಾಯಕ್ಕೂ ಸರದಿ ನಿಲ್ತೀರಾ? ಒಂದ ನನ್ನೆಸ್ರಿಗ ಬರ್ಸಿ, ಅದ ಬೋರಲಾಕಿ. ಒಲೆ ಮುಂದ ಬೆಂದಿರೋಳ್ಗ ಕೋವಿ ಏನ್ ಮಾಡ್ತದ ನೋಡಾನ."

ನನಗೆ ಸಿಟ್ಟು ಬಂದದ್ದು ಆಗಲೇ. ನೋಡಿ, ನಾವು ಮೂವರೂ ಹೆದರಿದ್ದೇವೆ, ಮೂವರೂ ಇನ್ನೊಬ್ಬರ ಬದಲು ನಾನೇ ಸಾಯುತ್ತೇನೆ ಅನ್ನುತ್ತಿದ್ದೇವೆ, ಆದರೆ ಬೋರಲಿನ ಆ ಮಾತೇ ಸುಳ್ಳು ಅನ್ನಲು ಒಬ್ಬರಿಗೂ ಧೈರ್ಯವಿಲ್ಲ. ಮನೆಯವರಿಗಾಗಿ ಸಾಯುವುದು ಸುಲಭ, ಮನೆಯ ಹಿರಿಯರ ಮಾತಿಗೆ ಎದುರು ಮಾತಾಡುವುದು ಕಷ್ಟ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಆ ಬೀರುವಿನ ಮುಂದೆ ನಿಂತು ಕಂಡುಕೊಂಡೆ.

ಆಮೇಲೆ ಯೋಚಿಸಿದೆ. ಈ ಕಟ್ಟುಪಾಡು ಎಲ್ಲಿಂದ ಬಂತು? ಹಳೇ ಕೋವಿಗೆ ಬಾಯಿಯಿಂದ ಮದ್ದು, ಚರೆ ತುಂಬಬೇಕು. ತುಂಬಿದ್ದನ್ನು ಬೋರಲು ಹಿಡಿದರೆ, ಮೇಲೆ ಒತ್ತಿದ ಚಿಂದಿ ಸಡಿಲವಾಗಿ ಎಲ್ಲ ಜಾರಿ ಹೊರಗೆ ಬೀಳುತ್ತದೆ, ಹೊಲಕ್ಕೆ ಹೋದವನ ಕೈಯಲ್ಲಿ ಬರೀ ಕಬ್ಬಿಣದ ಕೊಳವೆ ಉಳಿಯುತ್ತದೆ. ಅದಕ್ಕೇ ಬಾಯಿ ನೆಲ ನೋಡಬಾರದು ಅಂದರು. ಇನ್ನು ಯಜಮಾನ ಸತ್ತ ಮೇಲೆ? ಅದು ತುಂಬಿದೆಯೋ ಖಾಲಿಯೋ ಅಂತ ಗೊತ್ತಿದ್ದವನು ಅವನೊಬ್ಬನೇ. ಮನೆ ತುಂಬ ಜನ, ಅಳು, ಮಕ್ಕಳು. ಯಾರಾದರೂ ಕೈಹಾಕಿದರೆ ಒಂದು ಹೆಣದ ಪಕ್ಕ ಇನ್ನೊಂದು. ಆದ್ದರಿಂದ ಬೋರಲು ಹಾಕಿದರು, ಒಳಗಿದ್ದದ್ದು ಸುರಿದುಹೋಗಲಿ ಅಂತ. ಅಂದರೆ ಬೋರಲು ನಿಂತ ಕೋವಿ ಸಾವನ್ನು ಕರೆಯುವ ಕೋವಿಯಲ್ಲ, ಯಾರನ್ನೂ ಕೊಲ್ಲಲಾಗದ ಕೋವಿ. ಹಿರಿಯರು ಜಾಣರೇ. ಅವರು ಜೀವ ಉಳಿಸಲು ಮಾಡಿದ್ದನ್ನು ನಾವು ಜೀವ ತೆಗೆಯುವ ಮಾತು ಮಾಡಿಕೊಂಡಿದ್ದೇವೆ. ಹೊಸ ಕೋವಿಗಂತೂ ಬಾಯಿಯಿಂದ ತುಂಬುವುದೇ ಇಲ್ಲ, ಆದರೂ ಅದನ್ನೂ ಅದೇ ಕಟ್ಟಿಗೆ ಕಟ್ಟಿಹಾಕಿದೆವು.

ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಅಪ್ಪ ಕೇಳಿಸಿಕೊಂಡ, ಕೆಮ್ಮಿದ, ಕೊನೆಗೆ ಅಂದ: "ನೀ ಹೇಳೋದು ಸರ್ಯಾಗದ. ಆದ್ರೂ ತಗೀ."

ಸರಿ ಅಂತ ಒಪ್ಪಿದ ಮೇಲೂ ಬೇಡ ಅನ್ನುವವನ ಹತ್ತಿರ ಯಾವ ವಾದ ನಡೆಯುತ್ತದೆ? ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಬೀರುವಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. "ಇದು ನನ್ ಕೋವಿ. ಲೈಸೆನ್ಸು ನನ್ನೆಸ್ರಲ್ಲದ. ಸತ್ರ ನಾ ಸಾಯ್ತೀನಿ. ಒಂದನ್ನೂ ಠಾಣೆಗ ಕೊಡಲ್ಲ," ಅಂದೆ.

ಆಗ ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದಳು. ಹಳೇ ಕೋವಿ ಉಳಿದರೂ ಹೋದರೂ ಅದು ಅವಳ ಗಂಡನದು; ಬೋರಲು ನಿಂತ ಆ ಹನ್ನೊಂದು ದಿನ ಅದರ ಎದುರಿಗೇ ಚಾಪೆ ಹಾಸಿಕೊಂಡಿದ್ದವಳು. ಅವಳು ಬೇಡ ಅಂದಿದ್ದರೆ ನಾನು ತೆಗೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೀಲಿ ಕೇಳಿದಳು. ಕೊಟ್ಟೆ. ನಾನು ಪಕ್ಕಕ್ಕೆ ಸರಿದ ಮೇಲೆ ಎದ್ದು ಬಾಗಿಲು ತೆಗೆದು, ತಲೆಕೆಳಗಾಗಿ ನಿಂತಿದ್ದ ಕೋವಿಯ ಬುಡವನ್ನು ಸವರಿದಳು. ಗಂಡನ ಅಂಗೈ ಸವೆಸಿದ ಜಾಗ ಅದು. ಗೂಟದಲ್ಲಿ ನೇತು ಹಾಕಿದ್ದಾಗ ಅವಳ ಕೈಗೆ ಎಂದೂ ಎಟುಕುತ್ತಿರಲಿಲ್ಲ.

ಅಪ್ಪನ ಕಡೆ ತಿರುಗಿ ಅಂದಳು: "ಲೇ, ನಿನ್ನ ಹೆತ್ತೋಳು ನಾನು. ಇವ್ನ ಹುಟ್ದಾಗ ಕೈಗ ತಕಂಡೋಳೂ ನಾನೇ. ಎಂಗ ಬಂದ್ರಿ ಗೊತ್ತಾ ಇಬ್ರೂ? ತಲೆಕೆಳಗಾಗೇ ಬಂದ್ರಿ. ಕಾಲ್ ಮುಂದ್ಮಾಡ್ಕಂಡು ಬರೋ ಕೂಸೇ ಕಷ್ಟ ಕೊಡೋದು. ಬೋರ್ಲಾಗಿರೋದೆಲ್ಲಾ ಸಾವಲ್ಲ ಕಣ್ಲಾ. ಮುಚ್ಚು ಬಾಗ್ಲ."

ಬಾಗಿಲು ಮುಚ್ಚಿದ್ದು ಅಪ್ಪ. ಕೀಲಿ ತಿರುಗಿಸಿದ್ದೂ ಅವನೇ.

ಸೋಮವಾರ ದಫೇದಾರರು ಬಂದರು. ಬೋಲ್ಟನ್ನು ಅಲ್ಲಾಡಿಸಿದರು, ಬೀಗ ಎಳೆದರು, ಒಳಗೆ ಇಣುಕಿ ನಕ್ಕರು. "ಏನಪ್ಪ, ಗಂಡ ಹೆಂಡ್ತಿ ಮುನ್ಸ್ಕಂಡು ಮಲ್ಗಿದಂಗದಲ್ಲ?"

"ಜಾಗ ಇಲ್ಲ ಸಾ."

"ಇರೋ ಜಾಗ್ದಲ್ಲೇ ಮಡಗಿದ್ದೀಯಲ್ಲ, ಬುಡು," ಅಂತ ಬರೆದುಕೊಂಡು ಹೋದರು. ಎರಡೂ ಉಳಿದವು.

ಊರು ಮಾತ್ರ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಮಾವ ಬಂದು, ಸಾವಿನ ಮನೆಗೆ ಬಂದವರ ಹಾಗೆ ಜಗಲಿಯ ತುದಿಯಲ್ಲಿ ಕೂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಸಾರಾಗಿದ್ದೀಯಾ ಮಗಾ?" ಅಂತ ಕೇಳಿದರು. ಆ ವಾರ ಒಂದು ನೆಗಡಿ ಬಂದದ್ದಕ್ಕೆ ಮೂರು ಮನೆಯಿಂದ ಕಷಾಯ ಬಂತು. ಕುಡಿದೆ. ಗೇಟು ಹೊತ್ತು ಏಣಿ ಹತ್ತುವಾಗ ಜಾರಿ ಬಿದ್ದರೆ ಅದೂ ಕೋವಿಯ ಲೆಕ್ಕಕ್ಕೇ ಹೋಗುತ್ತದೆ ಅಂತ ಗೊತ್ತು. ಹೋಗಲಿ. ಎಂದಾದರೂ ಒಂದು ದಿನ ನಾನೂ ಸಾಯುತ್ತೇನೆ, ಅವತ್ತು "ನಾವು ಹೇಳ್ನಿಲ್ವಾ" ಅನ್ನುವವರು ಇರುತ್ತಾರೆ. ಎಂಬತ್ತಾಗಿದ್ದರೂ ಹೇಳುತ್ತಾರೆ. ಅದಕ್ಕೆಲ್ಲ ಹೆದರಿ ತಾತನ ಕೋವಿಯನ್ನು ಬಿಟ್ಟುಕೊಡಲಾ?

ಅವ್ವನಿಗೆ ಇನ್ನೂ ಧೈರ್ಯ ಬಂದಿಲ್ಲ. ದಿನಾ ಬೆಳಿಗ್ಗೆ, ನಾನು ಎಚ್ಚರವಾಗಿರುವುದು ಗೊತ್ತಾಗದೆ, ಬಾಗಿಲಲ್ಲಿ ನಿಂತು ನನ್ನ ಎದೆ ಏಳುತ್ತಿದೆಯಾ ಅಂತ ನೋಡುತ್ತಾಳೆ. ನಾನು ಬೇಕೆಂದೇ ಜೋರಾಗಿ ಗೊರಕೆ ಹೊಡೆಯುತ್ತೇನೆ. "ಬದ್ಕವ್ನೆ ಗೂಬೆ," ಅಂದುಕೊಂಡು ಹುಳದ ಮನೆಗೆ ಹೋಗುತ್ತಾಳೆ.

ಇವತ್ತೂ ಹಾಗೇ ಹೋದಳು. ನಾನು ಎದ್ದೆ. ಇಷ್ಟೇ, ಇನ್ನು ಹೇಳುವುದು ಏನೂ ಇಲ್ಲ.