ಕಡೆಯ ಅರ್ಧ ಸುತ್ತು ಕೈಯಿಂದ

ಮುನ್ನೂರ ಎಂಬತ್ತು ರೂಪಾಯಿ, ಅದೂ ಒಂದು ಸ್ಕ್ರೂಡ್ರೈವರಿಗೆ. ಜತ್ತ ಪೇಟೆಯ ಅಂಗಡಿಯವ ಐನೂರರಿಂದ ಶುರು ಮಾಡಿದ್ದ. ನಾನು ಎರಡು ಸಲ ಮೆಟ್ಟಿಲಿಳಿದು ಹೊರಟಂತೆ ಮಾಡಿದ ಮೇಲೆ ಈ ರೇಟಿಗೆ ಬಂದ. ಮನೆಯಲ್ಲಿ ಬ್ಯಾಟರಿ ಡ್ರಿಲ್ ಇದ್ದೂ ಇದನ್ನು ಯಾಕೆ ತಂದೆ ಎಂದರೆ, ನನ್ನ ಖಾರ ಕುಟ್ಟುವ ಯಂತ್ರಕ್ಕೆ ಹೊಸ ಮೋಟರ್ ಕೂರಿಸಿದವನು ಸ್ಟಾರ್ಟರ್ ಪೆಟ್ಟಿಗೆಯ ಸ್ಕ್ರೂಗಳನ್ನೆಲ್ಲ ಡ್ರಿಲ್ಲಿನಿಂದಲೇ ಗರ್ರ್ ಎನಿಸಿ, ಚಹಾ ಕುಡಿದು ಹೋಗಿಬಿಟ್ಟಿದ್ದ. ನನಗೆ ಸಮಾಧಾನವಿರಲಿಲ್ಲ. ಮೇನ್ ಸ್ವಿಚ್ ಇಳಿಸಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಸಣ್ಣಗೆ ಒಂದು ವಾಸನೆ ಬಂತು... ಪ್ಲಾಸ್ಟಿಕ್ ಬಳೆಯನ್ನು ದೀಪಕ್ಕೆ ಹಿಡಿದಂತೆ. ತಕ್ಷಣ ಗಿರಣಿ ಅವ್ವ ಕಣ್ಣ ಮುಂದೆ ನಿಂತರು.

ನಮ್ಮೂರು ತಿಕೋಂಡಿಯಲ್ಲಿ ನಾನು ಖಾರದ ಯಂತ್ರ ಹಾಕಿದಾಗ, ಗೋಡೆಯ ಆಚೆ ಅವರ ಹಿಟ್ಟಿನ ಗಿರಣಿ ಆಗಲೇ ಹಳೆಯದಾಗಿತ್ತು. ಗೋಡೆ ಒಂದೇ, ವ್ಯಾಪಾರ ಎರಡು. ಖಾರವನ್ನೂ ತಾವೇ ಕುಟ್ಟಬೇಕೆಂದು ಅವರು ಯೋಚಿಸಿದ್ದರಂತೆ. ನಾನು ಮೊದಲು ಕೈ ಹಾಕಿದೆ. ಅದನ್ನು ಅವರು ಮರೆತಿರಲಿಲ್ಲ, ಮರೆಯಲು ನನಗೂ ಬಿಡುತ್ತಿರಲಿಲ್ಲ.

"ತಮ್ಮಾ, ನಿನ್ನ ಖಾರ ನನ್ನ ಹಿಟ್ಟಿಗೆ ಹಾರಾಕತ್ತೈತಿ. ಮಂದಿಗೆ ರೊಟ್ಟಿ ಜೋಡಿ ಪಲ್ಯಾನ ಬ್ಯಾಡಾಗೈತಿ."

"ಹಂಗಾದ್ರ ಖಾರದ ರೊಕ್ಕ ಕೊಡ್ರಿ ಅವ್ವಾರ."

"ಕೊಡ್ತೀನಿ. ನಿನ್ನ ಖಾರದಾಗ ಬಿದ್ದ ನನ್ನ ಹಿಟ್ಟಿಂದು ಮುರಕೊಂಡು ಕೊಡ್ತೀನಿ."

ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದವರು ಈ ಸೀಮೆಯಲ್ಲಿ ಕಡಿಮೆ. ಅವರು ದಿನಾ ಸೋಲಿಸುತ್ತಿದ್ದರು.

ವರ್ಷದ ಖಾರ ಮಾಡಿಕೊಳ್ಳುವ ಬೇಸಿಗೆ ಅದು. ಬಾಗಿಲ ತುಂಬ ಹೆಂಗಸರು, ಡಬ್ಬಿಗಳು, ಕೆಮ್ಮು, ಸೀನು. ನನ್ನ ಹೆಂಡತಿ ಸ್ಟಾರ್ಟರ್ ಪೆಟ್ಟಿಗೆಯ ಕೆಳಗೇ ಸ್ಟೂಲ್ ಹಾಕಿಕೊಂಡು ಯಂತ್ರಕ್ಕೆ ಮೆಣಸಿನಕಾಯಿ ಹಾಕುತ್ತಿದ್ದಳು. ಬೆನ್ನಿಗೆ ಒಣಮೆಣಸಿನ ಚೀಲಗಳು. ಘಾಟಿಗೆ ನಮ್ಮ ಮೂಗು ಎಂದೋ ಸತ್ತುಹೋಗಿತ್ತು. ಗಿರಣಿ ಅವ್ವ ಮೂಗಿಗೆ ಸೆರಗು ಹಿಡಿದು ಬಂದರು. ಬಾಗಿಲಲ್ಲಿ ನಿಂತು, ಸೆರಗು ಸರಿಸಿ, ಗಾಳಿ ಎಳೆದುಕೊಂಡರು.

"ತಮ್ಮಾ, ಬಂದ್ ಮಾಡು. ಬಳಿ ಸುಟ್ಟಂಗ ವಾಸನಿ ಬರಾಕತ್ತೈತಿ."

"ಇಷ್ಟ ಮಂದಿ ನಿಂತಾರ್ರಿ ಅವ್ವಾರ. ಸಂಜಿಗೆ ನೋಡ್ತೀನಿ."

"ಸಂಜೀತನಕ ಈ ಗ್ವಾಡಿ ಇರಂಗಿಲ್ಲ. ಗ್ವಾಡಿ ನಂದೂ ಐತಿ, ನಿನ್ನದೊಂದ ಅಲ್ಲ."

ನನ್ನ ಗಿರಾಕಿ ಮುರಿಯಲು ಬಂದಿದ್ದಾರೆ ಎಂದೇ ನಾನು ಲೆಕ್ಕ ಹಾಕಿದೆ. ವ್ಯಾಪಾರಸ್ಥನ ತಲೆ ಹಾಗೇ ಓಡುತ್ತದೆ. ಅವರು ನನ್ನ ಜೊತೆ ಮಾತು ಬೆಳೆಸಲಿಲ್ಲ. ಹೆಂಡತಿಯ ಕಡೆ ತಿರುಗಿ, "ಏ ಹುಡುಗಿ, ಅವನ ಮಾತ ಬಿಡು. ಏಳು, ಮೇನ್ ಇಳಸು!" ಎಂದರು. ಅವಳು ನನ್ನ ಮುಖ ನೋಡಲಿಲ್ಲ. ಎದ್ದಳು, ಇಳಿಸಿದಳು. ಯಂತ್ರ ನಿಂತ ಮೇಲೆ, ಅವಳು ಕುಳಿತಿದ್ದ ಜಾಗದ ಮೇಲಿನ ಪೆಟ್ಟಿಗೆಯಿಂದ ತೆಳ್ಳಗೆ ಹೊಗೆ ಹೊರಬಂತು. ಬಾಗಿಲಲ್ಲಿದ್ದವರು ಡಬ್ಬಿ ಎತ್ತಿಕೊಂಡು ಹೊರಗೆ ಸರಿದರು.

ಸುಟ್ಟದ್ದು ಬೆರಳುದ್ದದ ತಂತಿ ಮತ್ತು ಅದನ್ನು ಸ್ಕ್ರೂ ಹಾಕಿ ಸಿಕ್ಕಿಸುವ ಒಂದು ಕನೆಕ್ಟರ್ ತುಂಡು, ಅಷ್ಟೇ. ಹೆಂಡತಿಯ ತಲೆಯ ಮೇಲೆ ಒಂದು ಕಿಡಿಯೂ ಬಿದ್ದಿರಲಿಲ್ಲ. ನಾನು ಚೀಲಗಳನ್ನು ಪೆಟ್ಟಿಗೆಯಿಂದ ದೂರ ಎಳೆದು ಹಾಕಿದೆ. ಗಿರಣಿ ಅವ್ವ ಮಾತ್ರ ಹೊರಗೆ ನಿಂತ ಹೆಂಗಸರಿಗೆ, "ಸುಮ್ನ ಯಾಕ ಕುಂದರ್ತೀರಿ? ಜ್ವಾಳ ತರ್ರಿ, ಅಷ್ಟರಾಗ ಬೀಸಿ ಕೊಡ್ತೀನಿ" ಎನ್ನುತ್ತಿದ್ದರು. ನಗು ಬಂತು ನನಗೆ. ಅಳುವಂಥ ನಗು.

ವಾಯರ್‌ಮನ್ ಬಂದು ನೋಡಿದ. ಯಂತ್ರ ಕೂರಿಸುವಾಗ ಓಡಿಸಿದ ಡ್ರಿಲ್ಲಿನ ಜೋರಿಗೆ ಒಂದು ಸ್ಕ್ರೂವಿನ ಹಲ್ಲು ಸವೆದು, ಕೆಳಗಿನ ತಾಮ್ರದ ಎಳೆಗಳು ಅರ್ಧ ಕತ್ತರಿಸಿಹೋಗಿದ್ದವು. ಮೇಲಿನಿಂದ ನೋಡಿದರೆ ಬಿಗಿ, ಒಳಗೆ ಸಡಿಲ. ಇನ್ನು ಡ್ರಿಲ್ಲಿಗೆ ಬೈಗುಳ ಬೀಳುತ್ತದೆ ಎಂದುಕೊಂಡೆ. ಗಿರಣಿ ಅವ್ವ ಅವನ ಕೈಯಲ್ಲಿದ್ದ ಡ್ರಿಲ್ಲಿಗೆ ಕೈ ಚಾಚಿದರು: "ತಾ ಇಲ್ಲಿ ನಿನ್ನ ಬಂದೂಕ."

ಪ್ರತಿ ಅಮಾವಾಸ್ಯೆಗೆ ಗಿರಣಿ ಬಂದ್ ಇಟ್ಟು, ತಮ್ಮ ಸ್ಟಾರ್ಟರಿನ ಸ್ಕ್ರೂಗಳನ್ನು ತಾವೇ ಬಿಗಿದು ಬಿಗಿದು ಅವರ ಮಣಿಕಟ್ಟು ಸೋತುಹೋಗಿತ್ತು. ಉದ್ದನೆಯ ಸ್ಕ್ರೂ ಡ್ರಿಲ್ಲಿಗೆ ಸರಸರ ಬಿಚ್ಚಿ ಬಂದಾಗ ಅವರ ಮುಖ ಅರಳಿತು. "ಭಾಳ ಚಲೋ ಐತಿ ಇದು. ಓಡಸಾಕ ಇದ ಇರಲಿ" ಎಂದರು. ಹೊಸ ತುಂಡು ಹಾಕಿ, ಸ್ಕ್ರೂ ತಂತಿಗೆ ತಾಗುವ ತನಕ ಡ್ರಿಲ್ಲನ್ನು ಮೆಲ್ಲಗೆ ಓಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಕಡೆಯ ಅರ್ಧ ಸುತ್ತು. ಕೈ ತಡೆದಲ್ಲಿ ನಿಂತರು, ತಂತಿ ಜಗ್ಗಿ ನೋಡಿದರು. "ಇಲ್ಲಿ ಸಾಕಂತ ಕೈಗೆ ತಿಳೀತದ. ಬಂದೂಕಕ್ಕ ಏನ ತಿಳೀತದ?"

"ಅವ್ವಾರ, ನನ್ನ ನೌಕ್ರಿನೂ ನೀವ ತಗೋರಿ" ಎಂದ ವಾಯರ್‌ಮನ್.

"ಪಗಾರ ಎಷ್ಟಂತ ಮೊದಲ ಹೇಳು."

ಈಗ ಅವರಿಲ್ಲ. ಆಚೆ ಕಡೆ ಗಿರಣಿಯೂ ಇಲ್ಲ. ಯಾರೋ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಖಾರ ಹಾರಿ ಬಂತೆಂದು ಜಗಳಕ್ಕೆ ಬರುವವರಿಲ್ಲದೆ ನನ್ನ ವ್ಯಾಪಾರ ಸಪ್ಪಗಾಗಿದೆ... ಮೊನ್ನೆ ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ ಸಡಿಲವಿತ್ತು, ತಂತಿಯ ಮೇಲುಹೊದಿಕೆ ತುಸು ಕಂದಿತ್ತು. ಕಂದಿದ್ದನ್ನು ಕತ್ತರಿಸಿ ಹೊಸದಾಗಿ ಸಿಕ್ಕಿಸಿದೆ. ಹಾನಿ ಅಷ್ಟರಲ್ಲೇ ಮುಗಿಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನೀವೂ ಯಂತ್ರ ಇಟ್ಟುಕೊಂಡವರಾದರೆ ಇಷ್ಟು ಮಾಡಿ. ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲವೆಂದು ನೋಡಿಕೊಳ್ಳದೆ ಪೆಟ್ಟಿಗೆ ಮುಟ್ಟಬೇಡಿ. ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕರೆಸಿ, ಪಕ್ಕದಲ್ಲಿ ನಿಂತು ಮಾಡಿಸಿ. ಡ್ರಿಲ್ ಬೇಡವೆನ್ನಬೇಡಿ, ಅದನ್ನು ಕಡಿಮೆ ಜೋರಿಗೆ ಇಡಿಸಿ. ಕೊನೆಯ ಬಿಗಿ ಕೈಯಿಂದಲೇ ಆಗಲಿ. ಬಿಗಿಯ ಅಳತೆ ತೋರಿಸುವ ಸ್ಕ್ರೂಡ್ರೈವರ್ ಸಿಕ್ಕರೆ ಇನ್ನೂ ಒಳ್ಳೆಯದು. ಆಮೇಲೆ ಆ ಪೆಟ್ಟಿಗೆಯ ಹತ್ತಿರ ದಿನಾ ಕೂರುವವರು ಯಾರೋ, ಅವರಿಗೆ ಮೇನ್ ಎಲ್ಲಿದೆಯೆಂದು ತೋರಿಸಿಡಿ. ವಾಸನೆ ಬಂದ ದಿನ ನಿಮ್ಮನ್ನು ಕೇಳುತ್ತ ಕೂರದೆ ಇಳಿಸಿಬಿಡಲು ಈಗಲೇ ಹೇಳಿಡಿ.