ಕುಕ್ಕರಿನೊಳಗಿನ ಸಿಮೆಂಟು

ಮೊನ್ನೆ ಹೋಳಿಗೆಗೆಂದು ಒಲೆಯ ಮೇಲಿಟ್ಟಿದ್ದ ಬೆಲ್ಲದ ಪಾಕ ಸೀದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಕಾಕಾ ನೆನಪಾದರು. ಅವರ ಬಾಗಿಲ ಸಂದಿಯಿಂದ ಬರುತ್ತಿದ್ದುದು ಇದೇ ವಾಸನೆ...

ಕಾಕಾ ಗದಗಿನ ಕಡೆಯವರು, ಒಂಟಿ. ಇಲ್ಲೇ ಪುಣೆಯಲ್ಲಿ ಎಣ್ಣೆಬಾವಿಯ ಸಿಮೆಂಟು ಪರೀಕ್ಷಿಸುವ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಹಾಗಂತ ಅವರೇ ಹೇಳಿದ್ದು, ನಾನು ನಂಬಿರಲಿಲ್ಲ. ವಾರಕ್ಕೊಮ್ಮೆ ಸ್ಟೀಲಿನ ಬಟ್ಟಲು ಹಿಡಿದು ಸಕ್ಕರೆ ಕೇಳಲು ಬರುತ್ತಿದ್ದರು. ಚಹಾ ಕೊಟ್ಟರೆ ಮಾತ್ರ, "ಸಕ್ಕರಿ ಬ್ಯಾಡವಾ ತಂಗಿ, ಡಯಾಬಿಟಿಸ್ ಅದ" ಎನ್ನುತ್ತಿದ್ದರು. ಅವರ ಕರೆಂಟಿನ ಕುಕ್ಕರು ದಿನವಿಡೀ ಕುದಿಯುತ್ತಿತ್ತು, ಒಂದು ದಿನವೂ ಅನ್ನದ ವಾಸನೆ ಬಂದದ್ದಿಲ್ಲ. ಉಪ್ಪಿನಕಾಯಿ ಬಾಟಲಿಗಳ ತುಂಬ ಕಂದು ಪುಡಿ. ಸಾರಾಯಿಯೋ, ಅದಕ್ಕಿಂತ ಕೆಟ್ಟದ್ದೋ? ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನಗುವನ್ನೇ ನಕ್ಕು ಸಕ್ಕರೆ ಅಳೆದುಕೊಡುತ್ತಿದ್ದೆ. ಮುಂದಿನ ವಾರ ಆ ಬಟ್ಟಲು ಎಂದೂ ಬರಿದಾಗಿ ಬರುತ್ತಿರಲಿಲ್ಲ. ಹಿಡಿ ಶೇಂಗಾವೋ ಚುರುಮುರಿಯೋ ಇರುತ್ತಿತ್ತು.

ಒಮ್ಮೆ ಕೇಳಿಯೇಬಿಟ್ಟೆ.

"ಬಾವಿ ತಳದಾಗ ಭಾಳ ಕಾವು ಇರತದವಾ. ಬಾವಿ ಗ್ವಾಡಿ ಭದ್ರ ಮಾಡಾಕ ಪೈಪಿನ್ಯಾಗಿಂದ ಸಿಮೆಂಟು ಇಳಸ್ತಾರ, ಅದು ಪೈಪಿನ್ಯಾಗ ಇದ್ದಾಗನ ಗಟ್ಟಿ ಆತಂದ್ರ ಬಾವಿ ಕೆಟ್ಟಂಗ. ಸ್ವಲ್ಪ ತಡೀ ಅಂತ ಅದಕ್ಕ ಹೇಳೂ ಪುಡಿ ನಂದು. ಸಕ್ಕರಿಯಿಂದನ ಮಾಡೀನಿ."

"ಸಿಮೆಂಟಿಗೆ ಸಕ್ಕರೀರಿ?"

"ಅದಕ್ಕೇನ್ ಡಯಾಬಿಟಿಸ್ ಇಲ್ಲಲ್ಲ!"

ನಕ್ಕೆ. ಸಂಶಯ ಮಾತ್ರ ಇನ್ನೊಂದು ಹಿಡಿ ಹೆಚ್ಚಾಯಿತು.

ಹಳೆಯ ಲ್ಯಾಬಿನವರು ಅವರ ಪುಡಿಯನ್ನು ಒಂದೇ ಒಂದು ಸಲ ನೋಡಲು ಒಪ್ಪಿದ್ದರು, ಸೋಮವಾರ. ಹಿಂದಿನ ದಿನ ಬೆಳಿಗ್ಗೆ, ಪುಣೆ ಹತ್ತಿರದ ಶಿರೂರಿನಲ್ಲಿದ್ದ ಅಕ್ಕನ ಮನೆಗೆ ಹೊರಟವರು ನನ್ನ ಕೈಗೆ ಕೀಲಿ ಕೊಟ್ಟರು. "ಕುಕ್ಕರಿನ್ಯಾಗ ಪುಡಿ ಕಲಸಿದ ಸಿಮೆಂಟಿನ ಲೋಟ ಇಟ್ಟೀನಿ. ನಾ ಬರೂತನಕ ಸ್ವಿಚ್ ಆರಬಾರದು, ಅಷ್ಟ ನೋಡು. ಸಂಜಿಗೂ ತೆಳ್ಳಗಿತ್ತಂದ್ರ ಗೆದ್ದೆ. ಇಲ್ಲಾಂದ್ರ ರಾತ್ರಿನ ಪುಡಿ ಬದಲಾಯಿಸ್ತೀನಿ."

ಅವರು ಹೋಗಿ ಅರ್ಧ ಗಂಟೆಯಾಗಿತ್ತೋ ಇಲ್ಲವೋ, ಕೀಲಿ ತೆಗೆದು ಒಳಹೊಕ್ಕೆ. ಮುಚ್ಚಳ ತಟಪಟ ಅನ್ನುತ್ತಿತ್ತು, ಬೂದು ಲೋಟದ ಸುತ್ತ ನೀರು ಕುದಿಯುತ್ತಿತ್ತು. ಸಿಡಿದರೆ? ಸ್ವಿಚ್ ಆರಿಸಿ ಬಂದುಬಿಟ್ಟೆ. ನಾಲ್ಕು ಗಂಟೆಗೆ ಹೋಗಿ, ಯಾರಿಗೂ ತಿಳಿಯದ ಹಾಗೆ ಮತ್ತೆ ಹಾಕಿದೆ.

ಐದಕ್ಕೆ ಬಂದ ಕಾಕಾ ಲೋಟಕ್ಕೆ ಸ್ವೆಟರ್ ಹೆಣೆಯುವ ಕಡ್ಡಿ ಇಳಿಸಿದರು. ಸಲೀಸಾಗಿ ತಳ ಮುಟ್ಟಿತು. ಅವರ ಕಣ್ಣು ತುಂಬಿದವು. "ಸ್ವಿಚ್ ಚಾಲೂನ ಇತ್ತಲ್ಲವಾ?"

"ಹೌದ್ರಿ ಕಾಕಾ."

ಮರುದಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಿದ್ದರು. "ಲ್ಯಾಬಿನ್ಯಾಗ ಎರಡು ತಾಸಿಗೆ ಕಲ್ಲಾತು. ಮನ್ಯಾಗ ಹೆಂಗ ತಡೀತು ಅಂತ ತಿಳೀವಲ್ದು..." ಮಾತು ಮುಗಿಸದೆ ನನ್ನನ್ನೇ ನೋಡಿದರು. ಕಾವಿಲ್ಲದಿದ್ದರೆ ಸಿಮೆಂಟು ನಿಧಾನವಾಗಿ ಗಟ್ಟಿಯಾಗುತ್ತದೆ ಎಂಬುದು ನನಗಾಗ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಆಮೇಲೆ ಕೀಲಿ ನನ್ನ ಬಳಿ ಬರಲಿಲ್ಲ, ಸಕ್ಕರೆಯನ್ನೂ ಕೇಳಲಿಲ್ಲ. ಮನೆ ಖಾಲಿ ಮಾಡಿ ಶಿರೂರಿಗೆ ಹೋಗುವ ದಿನ ಬಟ್ಟಲನ್ನು ತಂದು ಕೊಟ್ಟರು. ಶೇಂಗಾ ಇರಲಿಲ್ಲ, ಚುರುಮುರಿ ಇರಲಿಲ್ಲ. ಅಂಚಿನವರೆಗೆ ಸಕ್ಕರೆ. ಅಲ್ಲಿಯೇ ತೀರಿಕೊಂಡರೆಂದು ಎರಡು ವರ್ಷದ ನಂತರ ತಿಳಿಯಿತು.

ಮೊನ್ನೆ ಸೀದ ಪಾತ್ರೆ ಉಜ್ಜಿಟ್ಟು ಆ ಬಟ್ಟಲನ್ನು ಕೆಳಗಿಳಿಸಿದೆ. ಸಕ್ಕರೆ ಇನ್ನೂ ಇದೆ, ಗಂಟುಗಟ್ಟಿ ಕಲ್ಲಾಗಿದೆ. ಸ್ವೆಟರ್ ಕಡ್ಡಿಯಿಂದ ಚುಚ್ಚಿ ನೋಡಿದೆ... ಇಳಿಯಲಿಲ್ಲ.