ನೋವಿಲ್ಲದ ಕಡೆ ಒತ್ತುತ್ತಿದ್ದ ಚೇಚಿ

ಮೊನ್ನೆ ಹಿತ್ತಲ ಬೇಲಿ ಸವರುವಾಗ ಲಕ್ಕಿ ಗಿಡದ ಒಂದು ಕೊಂಬೆ ಕತ್ತಿಗೆ ಸಿಕ್ಕಿತು. ಆ ಸೊಪ್ಪಿನ ಕಟುವಾಸನೆ ಮೂಗಿಗೆ ಬಡಿದದ್ದೇ ತಡ, ಎಣ್ಣೆಯಲ್ಲಿ ಲಕ್ಕಿ ಸೊಪ್ಪು ಕಾಯಿಸುತ್ತಿದ್ದ ಚೇಚಿ ಎದುರಿಗೆ ಬಂದು ನಿಂತಂತಾಯಿತು. ಮೊಮ್ಮಕ್ಕಳೇ, ಅವರ ವಿಷಯ ನಿಮಗೆ ಹೇಳಿಯೇ ಇಲ್ಲ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರಸಂತೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಕೋಣೆಗಳಲ್ಲೊಂದರಲ್ಲಿ, ನಾವಿದ್ದೆವು. ಪಕ್ಕದ ಕೋಣೆ ಚೇಚಿಯದು. ಕೇರಳದ ಗಡಿಯ ಕರಿಕೆ ಕಡೆಯವರು, ಒಂಟಿ. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ. ಲೈನಿನ ಮುದುಕರೂ ಅವರನ್ನು ಹಾಗೇ ಕರೆಯುತ್ತಿದ್ದರು. ವಾರವೆಲ್ಲ ನಮ್ಮ ಜೊತೆ ಕಾಫಿ ಹಣ್ಣು ಕುಯ್ಯುತ್ತಿದ್ದರು. ಭಾನುವಾರ ಸೊಂಟ ಹಿಡಿದವರು, ಕುತ್ತಿಗೆ ತಿರುಗದವರು ಅವರ ಜಗಲಿಯಲ್ಲಿ ಬಂದು ಕೂರುತ್ತಿದ್ದರು. ಮೈ ನೀವುವ ವಿದ್ಯೆ ಅವರಿಗೆ ತಂದೆಯಿಂದ ಬಂದದ್ದು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನನ್ನ ಬಲಗೈ ಭುಜಕ್ಕಿಂತ ಮೇಲೆ ಏಳದಾಯಿತು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ರೆ ಬರುತ್ತಿತ್ತು, ಕೈ ಮಾತ್ರ ಏಳಲಿಲ್ಲ. ಅರೇಬಿಕಾ ಗಿಡ್ಡ ಗಿಡ, ಹೇಗೋ ಕುಯ್ದೆ. ರೋಬಸ್ಟಾ ಹಾಗಲ್ಲ, ಮೇಲಿನ ಕೊಂಬೆಯನ್ನು ಹಿಡಿದು ಬಗ್ಗಿಸಬೇಕು. ಎಸ್ಟೇಟಿನ ಲೆಕ್ಕ ನೋಡುವ ರೈಟರು ಕೆಟ್ಟವರೇನಲ್ಲ. ಆದರೂ ಒಂದು ಸಂಜೆ ಬಾಗಿಲಲ್ಲಿ ನಿಂತು, "ನೋಡವ್ವ, ಕೆಲಸಕ್ಕೆ ಬರೋರಿಗೇ ಲೈನ್ ಮನೆ. ರೋಬಸ್ಟಾ ಶುರುವಾಗೋದ್ರೊಳಗೆ ಕೈ ಸರಿ ಮಾಡ್ಕೊ. ಇಲ್ಲಾಂದ್ರೆ ನಾನೇನೂ ಮಾಡಕ್ಕಾಗಲ್ಲ" ಎಂದರು. ನಿಮ್ಮ ಅಮ್ಮ ಆಗಿನ್ನೂ ಸ್ಲೇಟು ಹಿಡಿಯುತ್ತಿದ್ದಳು. ಆ ಕೋಣೆ ಬಿಟ್ಟರೆ ನಮಗೆ ಬೇರೆ ನೆಲೆ ಇರಲಿಲ್ಲ.

ಗೋಡೆಯಾಚೆಯಿಂದ ಆ ಮಾತು ಕೇಳಿಸಿಕೊಂಡ ಚೇಚಿ ಭಾನುವಾರ ನನ್ನನ್ನು ಕರೆದರು. ಮೊದಲು ಅಂಗಳದಲ್ಲಿ ನಡೆಸಿ, ಹಿಂದಿನಿಂದ ನೋಡಿದರು. ಆಮೇಲೆ ಚಾಪೆಯ ಮೇಲೆ ಮಲಗಿಸಿ, ಬಲಗಾಲಿನ ಪಾದಕ್ಕೆ ಹೆಬ್ಬೆರಳು ಊರಿದರು.

"ಚೇಚಿ, ನೋವಿರೋದು ಭುಜದಲ್ಲಿ" ಎಂದೆ.

"ಅಲ್ಲಿ ಕೂತು ಅಳ್ತಾ ಉಂಟು ಅಷ್ಟೆ ಮೋಳೇ. ಹೊಡೆದವನು ಬೇರೆ ಕಡೆ ಇದ್ದಾನೆ." ಮಗಳೇ ಎನ್ನುವುದಕ್ಕೆ ಅವರು ಮೋಳೇ ಎನ್ನುತ್ತಿದ್ದರು. ನನ್ನ ಸೀರೆಯ ಅಂಚನ್ನು ಕಾಲ ಬಳಿ ಹಿಡಿದು ಎಳೆದರು. ಭುಜದ ಮೇಲೆ ಸೆರಗು ಬಿಗಿಯಿತು. "ಗೊತ್ತಾಯ್ತಾ? ಮೈ ಕೂಡ ಹೀಗೇ. ಒಂದೇ ಬಟ್ಟೆ."

ಜಗಲಿಯಲ್ಲಿ ಸರದಿಗೆ ಕಾಯುತ್ತಿದ್ದವಳು ಕೂಗಿದಳು: "ಚೇಚಿ, ನಂಗೆ ತಲೆನೋವು. ಎಲ್ಲಿ ಒತ್ತೀರಿ?"

"ನಿನ್ನನ್ನ ಒತ್ತಿ ಪ್ರಯೋಜನ ಇಲ್ಲ. ಗಂಡನ್ನ ಕಳಿಸು."

ಅವರು ಉಜ್ಜುತ್ತಿರಲಿಲ್ಲ. ಮೊಣಕೈಯನ್ನು ಒಂದು ಜಾಗದಲ್ಲಿ ಊರಿ, ಒಳಗಿನ ಬಿಗಿ ತಾನಾಗಿ ಸಡಿಲುವವರೆಗೆ ಸುಮ್ಮನೆ ಕಾಯುತ್ತಿದ್ದರು. ಕಾಲು, ಸೊಂಟ ಮುಗಿಸಿ ಪಕ್ಕೆಲುಬಿಗೆ ಬಂದಾಗ ನಾಚಿಕೆಯಿಂದ ನಾನು ಉಸಿರು ಹಿಡಿದೆ. ಅವರು ತಕ್ಷಣ ಕೈ ತೆಗೆದರು. ಎದ್ದು ಬಾಗಿಲು ಓರೆ ಮಾಡಿ ಬಂದು, ತಮ್ಮ ಕೋಳಿ ಮೊಟ್ಟೆಯನ್ನು ಎಲ್ಲೋ ಕದ್ದು ಇಡುತ್ತಿದೆ ಎಂದು ಬೈಯತೊಡಗಿದರು. ನನ್ನ ಉಸಿರು ಹಿಂದಿರುಗಿದ ಮೇಲೆಯೇ ಮತ್ತೆ ಕೈಯಿಟ್ಟದ್ದು. ಯಾಕೋ... ಅವರ ಅಂಗೈ ಬೆಚ್ಚಗಿತ್ತು. ನಿಮ್ಮ ಅಜ್ಜ ಹೋದಾಗಲೂ ಜನರೆದುರು ಅಳದವಳು ಅವತ್ತು ಅತ್ತುಬಿಟ್ಟೆ. ಚೇಚಿ ಕೈಯನ್ನು ಕದಲಿಸಲಿಲ್ಲ.

ಏಳುವಾಗ ಕೈ ಕಿವಿಯವರೆಗೆ ಬಂದಿತ್ತು. ಮಾರನೆಯ ಸಂಜೆಗೆ ಮತ್ತೆ ಮೊದಲಿನಂತೆಯೇ. ಮುಂದಿನ ಭಾನುವಾರವೂ ಅಷ್ಟೆ; ಬಿಡುವುದು, ಹಿಡಿಯುವುದು. ಕೋಣೆ ಹೋಯಿತೆಂದೇ ಅಂದುಕೊಂಡೆ.

ಆ ವಾರ ತೋಟದಲ್ಲಿ ಚೇಚಿ ನನ್ನನ್ನು ಗಮನಿಸಿದರು. ವಿಧವೆಯಾದ ಮೇಲೆ ಜನರ ನೋಟ ತಪ್ಪಿಸಿಕೊಳ್ಳಲು ನಾನು ದಿನವೂ ಕೊನೆಯ ಸಾಲನ್ನೇ ಹಿಡಿಯುತ್ತಿದ್ದೆ. ಇಳಿಜಾರಿನಲ್ಲಿ ಎಲ್ಲರೂ ನನ್ನ ಬಲಕ್ಕೆ. ನಾನು ಅವರಿಗೆ ಬೆನ್ನು ತೋರಿಸಿ, ಎಡಕ್ಕೆ ತಿರುಚಿಕೊಂಡು, ಬಲಭುಜವನ್ನು ಎದೆಗೆ ಮುದುಡಿಕೊಂಡು ಕುಯ್ಯುತ್ತಿದ್ದೆ. ಭಾರವೆಲ್ಲ ಕೆಳಗಿನ ಬಲಗಾಲಿನ ಮೇಲೆ.

"ಭಾನುವಾರ ನಾನು ಬಿಡಿಸಿದ್ದನ್ನ ಸೋಮವಾರ ನೀನು ಗಂಟು ಹಾಕ್ತೀಯಲ್ಲ!" ಎಂದು ಕೈಹಿಡಿದು ಎಳೆದುಕೊಂಡು ಹೋಗಿ, ಮಧ್ಯದ ಸಾಲಿನಲ್ಲಿ, ಬಾಯಿ ಮುಚ್ಚದ ಇಬ್ಬರು ಹೆಂಗಸರ ನಡುವೆ ನಿಲ್ಲಿಸಿದರು.

"ಅಯ್ಯೋ, ಇವಳಿಗೆ ಮುಖಾನೂ ಐತೆ ಕಣೇ! ನಾನು ಬರೀ ಬೆನ್ನು ಅಂದ್ಕಂಡಿದ್ದೆ" ಎಂದಳು ಒಬ್ಬಳು.

ಮೊಣಕೈಯ ಒತ್ತಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಆದರೂ ಅಲ್ಲೇ ನಿಂತೆ. ದಿನ ಕಳೆದಂತೆ ಅವರ ಹರಟೆ ಕೇಳಲು ಆ ಕಡೆಯೂ ಈ ಕಡೆಯೂ ತಿರುಗುವುದು ರೂಢಿಯಾಯಿತು. ಭಾನುವಾರದ ನೀವುವಿಕೆಯೂ ನಿಲ್ಲಲಿಲ್ಲ. ರೋಬಸ್ಟಾ ಶುರುವಾದ ಮೇಲೆ ಒಂದು ಬೆಳಿಗ್ಗೆ ಅದೇ ಹೆಂಗಸು, "ಏ, ನಿನ್ನ ಕೈ ನೋಡ್ಕಳೇ!" ಎಂದು ಕೂಗಿದಳು. ತಲೆಯೆತ್ತಿದರೆ ತಲೆಗಿಂತ ಮೇಲಿನ ಕೊಂಬೆಯೊಂದು ನನ್ನ ಬಲಮುಷ್ಟಿಯಲ್ಲಿತ್ತು. ರೈಟರು ದಾರಿಯಲ್ಲಿ ಹೋಗುತ್ತಾ ನೋಡಿದರು. "ಬೇಗ ಬೇಗ ಕುಯ್ರಿ" ಎಂದಷ್ಟೇ ಹೇಳಿ ಮುಂದೆ ಹೋದರು. ನಿಮ್ಮ ಅಮ್ಮ ಎಸ್ಸೆಸ್ಸೆಲ್ಸಿ ಪಾಸಾದದ್ದು ಆ ಕೋಣೆಯಲ್ಲೇ ಓದಿ.

ವಯಸ್ಸಾದ ಮೇಲೆ ಚೇಚಿ ಕರಿಕೆಗೆ, ತಮ್ಮನ ಮಗಳ ಮನೆಗೆ ಹೊರಟರು. ಬಸ್ಸಿಗೆ ಕಾಯುವಾಗ ಅವರ ಹೆಬ್ಬೆರಳುಗಳನ್ನು ಸರಿಯಾಗಿ ನೋಡಿದೆ. ಗೆಣ್ಣುಗಳು ಊದಿ, ಸೊಟ್ಟಗಾಗಿದ್ದವು.

"ಇದನ್ನ ಯಾರು ನೀವಿ ಕೊಡ್ತಾರೆ ಚೇಚಿ?"

"ನೀವೋರ ಕೈ ನೀವೋರು ಎಲ್ಲಿ ಸಿಗ್ತಾರೆ ಮೋಳೇ..." ಎಂದು ನಕ್ಕು, ಕೈಯನ್ನು ನನ್ನ ಮಡಿಲಿಗೆ ಹಾಕಿದರು. ಬಸ್ಸು ಬರುವವರೆಗೆ ನನಗೆ ತೋಚಿದಂತೆ ನೀವಿದೆ. "ಸರಿ ಇಲ್ಲ, ಆದರೂ ಹಿತ ಉಂಟು" ಎಂದರು. ಮುಂದಿನ ಮಳೆಗಾಲದಲ್ಲಿ ಅವರು ಹೋದರಂತೆ. ನನಗೆ ತಿಳಿಯುವಾಗ ತಿಥಿಯೂ ಮುಗಿದಿತ್ತು.

ಈಗ ನಿಮಗೆ ಕುತ್ತಿಗೆ ಹಿಡಿದರೆ "ಅಜ್ಜಿ, ಇಲ್ಲಿ ಒತ್ತು" ಎಂದು ಬಂದು ಕೂರುತ್ತೀರಿ. ಎಣ್ಣೆ ಬಿಸಿ ಮಾಡಿ ಹಚ್ಚುತ್ತೇನೆ. ಎಳೆತ ಎಲ್ಲಿಂದ ಬಂದಿದೆಯೆಂದು ಹುಡುಕಲು ನೋಡುತ್ತೇನೆ... ನನ್ನ ಬೆರಳು ನೋವಿರುವಲ್ಲೇ ನಿಂತುಬಿಡುತ್ತದೆ.